ಯಾವ ಬಾವಿಯ ನೀರು?

ಮೊದಲು ಕುಂಟಿದ್ದು ಎತ್ತುಗಳು. 1930ರ ಆಸುಪಾಸಿನಲ್ಲಿ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ಒಣ ಊರುಗಳಲ್ಲಿ, ಇನ್ನೂ ಪ್ರಾಯದಲ್ಲಿದ್ದ ಉಳುಮೆಯ ಎತ್ತುಗಳು ನೊಗಕ್ಕೆ ಹೆಗಲು ಕೊಡಲಾರದೆ, ಕಾಲು ಮಡಚಲಾರದೆ ನಿಲ್ಲತೊಡಗಿದವು. ಒಂಗೋಲು ತಳಿಯ ದನಗಳಿಗೆ ಹೆಸರಾದ ಸೀಮೆಯದು. ಎತ್ತು ಮಲಗಿದರೆ ಆ ವರ್ಷದ ಬೇಸಾಯವೇ ನಿಂತಂತೆ, ಆದ್ದರಿಂದ ಎತ್ತಿನ ಕೀಲುಗಳ ಬಿಗಿತ ರೈತರ ಕಣ್ಣಿಗೆ ಬೇಗ ಬಿತ್ತು. ಅದೇ ನೆಲದ ನೀರು ಕುಡಿಯುತ್ತಿದ್ದ ಮನುಷ್ಯರ ಬೆನ್ನು, ಮಂಡಿ, ಕುತ್ತಿಗೆಗಳೂ ಹಾಗೆಯೇ ಬಿಗಿದುಕೊಂಡಿರುವುದನ್ನು ವೈದ್ಯರು ಗುರುತಿಸಿದ್ದು ಕೆಲವು ವರ್ಷ ತಡವಾಗಿ. ಮನುಷ್ಯರ ನೋವಿಗೆ ಮೊದಲಿನಿಂದಲೂ ಹೆಸರುಗಳಿದ್ದವು: ವಾಯು, ವಾತ, ದುಡಿತದ ದಣಿವು, ವಯಸ್ಸು. ಹೆಸರಿರುವ ನೋವಿನ ಕಾರಣವನ್ನು ಯಾರೂ ಹೊಸದಾಗಿ ಹುಡುಕಲು ಹೋಗುವುದಿಲ್ಲ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ, ಫ್ಲೋರೋಸಿಸ್ ಎಂದು ಈಗ ಕರೆಯುವ ಈ ಕಾಯಿಲೆ ದಕ್ಷಿಣ ಭಾರತದಲ್ಲಿ ಪತ್ತೆಯಾದ ಬಗೆಯನ್ನೂ, ಪತ್ತೆಯಾದ ಮೇಲೆ ಅದಕ್ಕೆ ನಡೆದ ಚಿಕಿತ್ಸೆಯನ್ನೂ ಒಟ್ಟಿಗೆ ಓದಿದರೆ ಒಂದು ಮಾತು ಎದ್ದು ಕಾಣುತ್ತದೆ. ಬೆನ್ನು, ಕೀಲು, ನರಗಳ ಹಳೆಯ ನೋವಿನ ಕಾರಣವನ್ನು ರೋಗಿಯ ಮೈಯೊಳಗೆ ಮಾತ್ರ ಹುಡುಕಿದರೆ ಅರ್ಧ ಪರೀಕ್ಷೆ ಮಾಡಿದಂತೆ. ಉಳಿದರ್ಧ ಇರುವುದು ಆ ಮನುಷ್ಯ ಹುಟ್ಟಿದ ಊರಿನಲ್ಲಿ, ದುಡಿಯುವ ಬಿಸಿಲಿನಲ್ಲಿ, ಕೊಡ ತುಂಬಿಸುವ ಬಾವಿಯಲ್ಲಿ. ಹೀಗೆ ಪತ್ತೆಯಾದ ಕಾಯಿಲೆಯ ಔಷಧವೂ ಅಲ್ಲೇ ಇರುವುದರಿಂದ, ಅದನ್ನು ಕೊಡುವುದು ವೈದ್ಯರ ಕೈಯಲ್ಲಿಲ್ಲ. ರೋಗದ ಗುರುತು ಸಿಕ್ಕು ಎಂಬತ್ತಕ್ಕೂ ಹೆಚ್ಚು ವರ್ಷಗಳಾದರೂ ನೋವು ಉಳಿದುಕೊಂಡಿದ್ದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ವಾದ.

1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ನೆಲ್ಲೂರಿನ ಕಾಯಿಲೆಯ ಬಗ್ಗೆ ಪ್ರಕಟಿಸಿದ ವರದಿಗಳು ಈ ಕಥೆಯ ಮೊದಲ ಗಟ್ಟಿ ದಾಖಲೆಗಳು. ಮುಂದೆ 1948ರಲ್ಲಿ ಮಲೇರಿಯಾ ಪರಾವಲಂಬಿ ಮನುಷ್ಯನ ಯಕೃತ್ತಿನಲ್ಲಿ ಅಡಗಿ ಬೆಳೆಯುತ್ತದೆಂದು ಗಾರ್ನ್‌ಹ್ಯಾಮ್ ಜತೆ ಸೇರಿ ತೋರಿಸಿದ ಶಾರ್ಟ್ ಇವರೇ. ಜತೆಗಿದ್ದವರಲ್ಲಿ ಒಬ್ಬರು ಸಿ. ಜಿ. ಪಂಡಿತ್, ಸ್ವಾತಂತ್ರ್ಯಾನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನಿರ್ದೇಶಕರಾದವರು. ಮತ್ತೊಬ್ಬರು ಮದ್ರಾಸಿನ ಎಕ್ಸ್‌ರೇ ತಜ್ಞ ಬರ್ನಾರ್ಡ್. ಹತ್ತು ರೋಗಿಗಳ ಮೂಳೆ, ಕೀಲು, ಹಲ್ಲುಗಳನ್ನು ಕೂಲಂಕಷವಾಗಿ ವರ್ಣಿಸಿದ ಬರಹ ಈ ತಂಡದ್ದು. ಈ ತಂಡದಲ್ಲಿ ನೀರನ್ನು ವಿಶ್ಲೇಷಿಸುವವರೂ ರೋಗಿಯನ್ನು ಮುಟ್ಟಿ ನೋಡುವವರೂ ಒಟ್ಟಿಗಿದ್ದರು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಂಥ ಜೋಡಿ ಕೂಡಿಬರುವುದಿಲ್ಲ. ಅಲ್ಲಿ ರೋಗಿಗಳು ಒಬ್ಬೊಬ್ಬರಾಗಿ ಬರುತ್ತಾರೆ, ಅವರ ಊರು ಚೀಟಿಯ ಮೇಲಿನ ವಿಳಾಸವಾಗಿಯಷ್ಟೇ ಉಳಿಯುತ್ತದೆ.

ಅವರು ಕಂಡ ಕಾಯಿಲೆಯ ನಡಿಗೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು, ಏಕೆಂದರೆ ಇವತ್ತಿಗೂ ಅದು ಹೆಚ್ಚೇನೂ ಬದಲಾಗಿಲ್ಲ. ಶುರುವಿನಲ್ಲಿ ಕೈಕಾಲುಗಳಲ್ಲಿ, ಕೆಲವೊಮ್ಮೆ ಇಡೀ ಮೈಯಲ್ಲಿ ಆಗಾಗ ಜುಮುಜುಮು. ಬಳಿಕ ಸೊಂಟದ ಹತ್ತಿರ ನೋವು, ಬಿಗಿತ. ಅದು ಮೆಲ್ಲಗೆ ಬೆನ್ನಿನುದ್ದಕ್ಕೂ ಏರಿ ಕುತ್ತಿಗೆ ಮುಟ್ಟುತ್ತದೆ. ವರ್ಷಗಳು ಕಳೆದಂತೆ ಬೆನ್ನೆಲುಬಿನ ಬಿಡಿ ಬಿಡಿ ಮಣಿಗಳು ಬೆಸೆದುಕೊಂಡು ಒಂದೇ ಮೂಳೆಯ ಕಂಬದಂತಾಗುತ್ತವೆ. ಆಗ ಪಕ್ಕಕ್ಕೆ ನೋಡಬೇಕಾದರೆ ಮನುಷ್ಯ ಇಡೀ ಮೈಯನ್ನೇ ತಿರುಗಿಸಬೇಕು. ಪಕ್ಕೆಲುಬುಗಳೂ ಬೆನ್ನಿಗೆ ಕಚ್ಚಿಕೊಳ್ಳುವುದರಿಂದ ಎದೆ ಏರಿಳಿಯುವುದು ನಿಂತು, ಉಸಿರಾಟ ಹೊಟ್ಟೆಯಿಂದಲೇ ನಡೆಯುತ್ತದೆ. ಕೊನೆಗೆ ಮಂಡಿ, ಸೊಂಟ, ಮೊಣಕೈಗಳು ಮಡಚಿದ ಭಂಗಿಯಲ್ಲೇ ಹಿಡಿದುಕೊಂಡು ರೋಗಿ ಹಾಸಿಗೆ ಹಿಡಿಯುತ್ತಾನೆ. ಇಷ್ಟೆಲ್ಲ ಆದರೂ ಬುದ್ಧಿ ಮಸುಕಾಗುವುದಿಲ್ಲ. ನೆಲ್ಲೂರಿನ ವರದಿಯಲ್ಲಿ ಈ ಸ್ಥಿತಿಗೆ ಬಂದವರು ಮುದುಕರಲ್ಲ. ಮೂವತ್ತು ದಾಟಿದ, ಸಂಸಾರದ ನೊಗ ಹೊತ್ತ ಜನ.

ಇದಕ್ಕೂ ಐದು ವರ್ಷ ಮೊದಲು ಇಂಥದೇ ಮೂಳೆಗಳು ಬಹಳ ದೂರದ ಕೋಪನ್‌ಹೇಗನ್ನಿನಲ್ಲಿ ಕಂಡಿದ್ದವು. ಗ್ರೀನ್‌ಲ್ಯಾಂಡಿನಿಂದ ತಂದ ಕ್ರಯೊಲೈಟ್ ಎಂಬ ಖನಿಜವನ್ನು ಪುಡಿಮಾಡುವ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ನೋಡಲೆಂದು ಎಕ್ಸ್‌ರೇ ತೆಗೆದ ಮಲ್ಲರ್ ಮತ್ತು ಗುಡ್‌ಯಾನ್ಸನ್ ಅವರಿಗೆ, ಶ್ವಾಸಕೋಶಕ್ಕಿಂತ ಅದರ ಹಿಂದಿದ್ದ ಮೂಳೆಗಳೇ ವಿಚಿತ್ರವಾಗಿ ಕಂಡವು. ಸುಣ್ಣ ಬಳಿದಷ್ಟು ಬಿಳುಪಾಗಿದ್ದವು ಅವು. ಕ್ರಯೊಲೈಟಿನಲ್ಲಿ ಫ್ಲೋರೈಡ್ ಹೇರಳ. 1932ರಲ್ಲಿ ಅವರ ವರದಿ ಬಂತು, 1937ರಲ್ಲಿ ಕೈ ರೋಹೋಲ್ಮ್ ಇಡೀ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಹಲ್ಲಿನ ಕಥೆ ಇನ್ನೂ ಹಳೆಯದು. ಅಮೆರಿಕದ ಕೊಲರಾಡೊದಲ್ಲಿ ಮಕ್ಕಳ ಹಲ್ಲಿನ ಕಂದು ಕಲೆಯ ಬೆನ್ನು ಹತ್ತಿದ ದಂತವೈದ್ಯ ಮೆಕೇಗೆ ಮೂವತ್ತು ವರ್ಷ ಉತ್ತರ ಸಿಕ್ಕಿರಲಿಲ್ಲ. 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ನೀರಿನಲ್ಲಿ ಫ್ಲೋರೈಡನ್ನು ಗುರುತಿಸಿದ ಮೇಲೆ ಗಂಟು ಬಿಚ್ಚಿತು. ನೆಲ್ಲೂರಿನ ತಂಡ ಈ ಎರಡೂ ಎಳೆಗಳನ್ನು ಒಂದೆಡೆ ಹೊಸೆಯಿತು. ಕಾರ್ಖಾನೆಯ ಧೂಳಿನಿಂದ ಬಂದ ಮೂಳೆರೋಗ ಮತ್ತು ಕುಡಿಯುವ ನೀರಿನಿಂದ ಬಂದ ಹಲ್ಲಿನ ಕಲೆ ಒಂದೇ ವಸ್ತುವಿನ ಎರಡು ಗುರುತುಗಳೆಂಬುದು ಯಾವ ಕಾರ್ಖಾನೆಯೂ ಇಲ್ಲದ ಹಳ್ಳಿಗಳಲ್ಲಿ ಖಚಿತವಾಯಿತು.

ನೋವು ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಈ ಮೂಳೆಗಳೇ ಉತ್ತರ ಹೇಳುತ್ತವೆ. ಹೊಟ್ಟೆಗೆ ಹೋದ ಫ್ಲೋರೈಡಿನಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೊರಬೀಳುತ್ತದೆ, ಉಳಿದದ್ದು ಮೂಳೆ ಸೇರುತ್ತದೆ. ಬೆಳೆಯುವ ಮಕ್ಕಳಲ್ಲಿ, ಮೂತ್ರಪಿಂಡ ಸೋತವರಲ್ಲಿ ಉಳಿಯುವ ಪಾಲು ಇನ್ನೂ ಹೆಚ್ಚು. ಮೂಳೆಯ ಹರಳಿನೊಳಗೆ ಸೇರಿಕೊಂಡ ಫ್ಲೋರೈಡ್ ಹೊಸ ಮೂಳೆ ಕಟ್ಟುವ ಜೀವಕೋಶಗಳನ್ನು ಕೆರಳಿಸುತ್ತದೆ. ಮೂಳೆ ದಪ್ಪವಾಗುತ್ತದೆ, ಒರಟಾಗುತ್ತದೆ. ಮೂಳೆಯಿಂದ ಮೂಳೆಗೆ ಬಿಗಿದಿರುವ ಕಟ್ಟುನಾರುಗಳಲ್ಲಿ, ಸ್ನಾಯು ಬಂದು ಅಂಟುವ ಕಡೆಗಳಲ್ಲಿ ಸುಣ್ಣ ಕೂರುತ್ತದೆ. ಕೀಲಿನ ನೋವು, ಬಿಗಿತಗಳು ಇದರಿಂದ. ನರದ ನೋವಿನ ದಾರಿ ಬೇರೆ. ಬೆನ್ನುಹುರಿ ಇರುವುದು ಮಣಿಗಳ ನಡುವಿನ ಇಕ್ಕಟ್ಟಾದ ಕಾಲುವೆಯಲ್ಲಿ. ಅದರಿಂದ ಕವಲೊಡೆದ ನರಗಳು ಹೊರಬರುವುದು ಪಕ್ಕದ ಸಣ್ಣ ಕಿಂಡಿಗಳಿಂದ. ಸುತ್ತಲಿನ ಮೂಳೆಯೂ ನಾರೂ ಒಳಮುಖವಾಗಿ ಬೆಳೆದರೆ ಕಾಲುವೆ, ಕಿಂಡಿಗಳೆರಡೂ ಕಿರಿದಾಗುತ್ತವೆ. ಕೈ ಜೋಮು ಹಿಡಿಯುತ್ತದೆ, ಕಾಲು ಸೆಟೆದುಕೊಳ್ಳುತ್ತದೆ, ಮುಂದುವರಿದರೆ ಎರಡೂ ಕಾಲುಗಳ ಶಕ್ತಿ ಉಡುಗುತ್ತದೆ. 1960ರ ದಶಕದ ಆರಂಭದಲ್ಲಿ ಪಂಜಾಬಿನ ಹಳ್ಳಿಗಳ ಮೇಲೆ ಅಮರ್‌ಜಿತ್ ಸಿಂಗ್, ಜಾಲಿ ಮತ್ತಿತರರು ಪ್ರಕಟಿಸಿದ ಅಧ್ಯಯನಗಳಲ್ಲಿ ಈ ನರಬಾಧೆ ವಿವರವಾಗಿ ಬಂತು. ಮೂಳೆಯ ಫ್ಲೋರೋಸಿಸ್ ಇರುವ ಹತ್ತರಲ್ಲಿ ಒಬ್ಬರಿಗೆ ನರಗಳ ತೊಂದರೆಯೂ ಬರುತ್ತದೆಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿ ನೆಲೆನಿಂತದ್ದು ಆ ಕಾಲದಿಂದ.

ಇಷ್ಟು ನಿಚ್ಚಳವಾಗಿ ಬರೆದಿಟ್ಟ ರೋಗವನ್ನು ಗುರುತಿಸುವುದು ಸುಲಭವೆನ್ನಿಸಬಹುದು. ಹಾಗಿಲ್ಲ. ಮೊದಲ ಹಲವು ವರ್ಷ ಎಕ್ಸ್‌ರೇಯಲ್ಲಿ ಹೆಚ್ಚೇನೂ ಕಾಣುವುದಿಲ್ಲ, ಆದರೆ ನೋವು ಆಗಲೇ ಶುರುವಾಗಿರುತ್ತದೆ. ಆಗ ಅದು ಸಂಧಿವಾತದಂತೆ ತೋರುತ್ತದೆ. ಬೆನ್ನು ಬಿಗಿದ ಮೇಲೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂತೆ, ವಯಸ್ಸಾದವರಲ್ಲಿ ಬರಿಯ ಸವಕಲಿನಂತೆ, ಮೂಳೆ ಬೆಳ್ಳಗಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯಿಂದ ಹರಡಿದ ಕ್ಯಾನ್ಸರಿನಂತೆಯೂ ಕಾಣಬಹುದು. ಬೇರೆ ಮಾಡುವ ಗುರುತುಗಳು ಇವೆ, ಅವು ದುಬಾರಿಯೂ ಅಲ್ಲ. ಮುಂಗೈಯ ಎರಡು ಮೂಳೆಗಳ ನಡುವೆ ತೆಳುವಾದ ಪೊರೆಯೊಂದಿದೆ. ಅದರಲ್ಲಿ ಸುಣ್ಣ ಕೂತು ಮುಳ್ಳುಮುಳ್ಳಾಗಿರುವುದು ಸಾಮಾನ್ಯ ಎಕ್ಸ್‌ರೇಯಲ್ಲೇ ಕಾಣುತ್ತದೆ. ಬೆನ್ನುನೋವು ಎಂದು ಬಂದವರ ಕೈಯ ಎಕ್ಸ್‌ರೇ ತೆಗೆಯಬೇಕೆಂದು ಹೊಳೆಯುವುದು ನೀರಿನ ನೆನಪಿರುವ ವೈದ್ಯರಿಗೆ ಮಾತ್ರ. ಎಕ್ಸ್‌ರೇಯೂ ಇಲ್ಲದ ಕಡೆ ಆರೋಗ್ಯ ಕಾರ್ಯಕರ್ತರು ಮಾಡಿಸುವ ಮೂರು ಪರೀಕ್ಷೆಗಳಿವೆ: ಮಂಡಿ ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಬೇಕು, ಗದ್ದವನ್ನು ಎದೆಗೆ ತಾಗಿಸಬೇಕು, ಎರಡೂ ಕೈಗಳನ್ನು ಎತ್ತಿ ತಲೆಯ ಹಿಂದೆ ಹೆಣೆಯಬೇಕು. ಬೆನ್ನು, ಕುತ್ತಿಗೆ, ಭುಜ ಈ ಮೂರರ ಬಿಗಿತವೂ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಬಳಿಕ ಮೂತ್ರದಲ್ಲಿ ಮತ್ತು ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಲೆಕ್ಕ.

ಹಲ್ಲಿನ ಕಲೆ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು, ಮತ್ತು ಈ ಸಾಲದಿರುವಿಕೆಯಲ್ಲೇ ಒಂದು ಸಾಮಾಜಿಕ ಸತ್ಯ ಅಡಗಿದೆ. ಹಲ್ಲಿನ ಎನಾಮೆಲ್ ರೂಪುಗೊಳ್ಳುವುದು ಬಾಲ್ಯದ ಮೊದಲ ಏಳೆಂಟು ವರ್ಷಗಳಲ್ಲಿ. ಫ್ಲೋರೈಡ್ ಅದರ ಮೇಲೆ ಗೆರೆ ಎಳೆಯಬಲ್ಲದು ಆಗ ಮಾತ್ರ. ಪಾವಗಡದ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಗಂಡಿನ ಹಲ್ಲು ಕಂದುಗೆರೆ ಹೊತ್ತಿರುತ್ತದೆ. ಹೊಳೆಯ ದಂಡೆಯ ಊರಿನಿಂದ ಮದುವೆಯಾಗಿ ಬಂದ ಹೆಣ್ಣಿನ ಹಲ್ಲು ಕೊನೆಯವರೆಗೂ ಬೆಳ್ಳಗೇ ಇರುತ್ತದೆ. ಮೂಳೆಗೆ ಇಂಥ ವಯಸ್ಸಿನ ಗಡಿಯಿಲ್ಲ. ಇಪ್ಪತ್ತು ವರ್ಷ ಅದೇ ನೀರು ಸೇದಿ, ಅದೇ ನೀರು ಕುಡಿದು, ಅದರಲ್ಲೇ ಮುದ್ದೆ ಬೇಯಿಸಿ ಉಂಡವಳ ಸೊಂಟ ಹಿಡಿದರೆ ಅವಳ ಬಾಯಿ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ. ಇನ್ನೊಂದು ಕಡೆ, ಫ್ಲೋರೈಡ್ ನೀರಿನ ಊರಲ್ಲಿ ಹುಟ್ಟಿ ದುಡಿಮೆಗೆಂದು ಬೆಂಗಳೂರು ಸೇರಿದವನ ಹಲ್ಲಿನ ಗೆರೆ ಅವನ ಬಾಲ್ಯದ ಬಾವಿಯನ್ನು ಹೇಳುತ್ತದೆಯೇ ಹೊರತು ಇವತ್ತಿನ ಬೆನ್ನುನೋವಿನ ಕಾರಣವನ್ನಲ್ಲ. ಎಲ್ಲಿ ಹುಟ್ಟಿದಿರಿ, ಎಲ್ಲಿಗೆ ಬಂದಿರಿ, ಎಷ್ಟು ವರ್ಷ ಯಾವ ನೀರು ಕುಡಿದಿರಿ ಎಂಬ ಪ್ರಶ್ನೆಗಳಿಗೆ ಯಾವ ಯಂತ್ರವೂ ಬದಲಿಯಾಗದು.

ಇಲ್ಲೊಂದು ಆಕ್ಷೇಪಣೆ ನ್ಯಾಯವಾಗಿಯೇ ಬರುತ್ತದೆ. ಬರಗಾಲದ ಸೀಮೆಯಲ್ಲಿ ಬೆನ್ನು ನೋಯಲು ನೀರೇ ಬೇಕೆ? ಚಿಕ್ಕಂದಿನಿಂದ ಹೊರೆ ಹೊತ್ತ ಬೆನ್ನುಗಳವು. ಬೆನ್ನುಮೂಳೆಯ ಕ್ಷಯವೂ ಇದೆ. ಹೊಟ್ಟೆಗೆ ಸರಿಯಾಗಿ ಸಿಗದ ಕೊರತೆಯೂ ಇದೆ. ಎಲ್ಲ ನೋವನ್ನೂ ನೀರಿನ ತಲೆಗೆ ಕಟ್ಟುವುದೂ ಒಂದು ಸೋಮಾರಿತನವೇ. ಈ ಎಚ್ಚರಿಕೆಗೆ ಕರ್ನಾಟಕದಲ್ಲೇ ತಕ್ಕ ಉದಾಹರಣೆಯಿದೆ. 1970ರ ದಶಕದ ಮಧ್ಯದಲ್ಲಿ ಸಾಗರದ ಬಳಿಯ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಜನರಿಗೆ ಸೊಂಟ, ಮಂಡಿ, ಬೆನ್ನುಗಳ ತೀವ್ರ ನೋವು ಕಾಣಿಸಿಕೊಂಡು ಹಲವರು ನಡೆಯಲಾರದಂತಾದರು. ಮಲೆನಾಡಿನ ಕೀಲುರೋಗ ಎಂದೂ ಹಂದಿಗೋಡು ಕಾಯಿಲೆ ಎಂದೂ ಹೆಸರು ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯಲ್ಲಿ ಹಿಡಿದು ತಿನ್ನುತ್ತಿದ್ದ ಏಡಿಗಳು, ಇವುಗಳ ಮೇಲೆ ಆಗ ಬಲವಾದ ಗುಮಾನಿ ಎದ್ದಿತು. ಮುಂದಿನ ಅಧ್ಯಯನಗಳು, ಮುಖ್ಯವಾಗಿ 1990ರ ದಶಕದವು, ಅದು ವಂಶವಾಹಿಯಲ್ಲಿ ಹರಿದುಬರುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿದವು. ಹೊರಗಿದೆಯೆಂದು ಭಾವಿಸಿದ ಕಾರಣ ಅಲ್ಲಿ ಒಳಗಿತ್ತು. ಆದರೆ ಅದು ಗೊತ್ತಾದದ್ದು ಹೇಗೆ ಎಂಬುದನ್ನೂ ನೋಡಬೇಕು: ಮನೆಮನೆಗೆ ಹೋಗಿ, ಯಾರು ಯಾರ ಮಕ್ಕಳು, ಯಾರಿಗೆ ಬಂತು, ಅದೇ ಊರಿನ ಅದೇ ನೀರು ಕುಡಿದ ಯಾರಿಗೆ ಬರಲಿಲ್ಲ ಎಂದು ವಂಶವೃಕ್ಷ ಬಿಡಿಸಿ. ಒಬ್ಬ ರೋಗಿಯನ್ನು ಒಂಟಿಯಾಗಿ ಕೂರಿಸಿ ನೋಡಿದ್ದರೆ ಹಂದಿಗೋಡಿನಲ್ಲಿ ವಂಶದ ಎಳೆ ಸಿಗುತ್ತಿರಲಿಲ್ಲ, ನೆಲ್ಲೂರಿನಲ್ಲಿ ನೀರೂ ಸಿಗುತ್ತಿರಲಿಲ್ಲ.

ಹಂದಿಗೋಡಿನ ಆರಂಭದ ಅಧ್ಯಯನ ಮಾಡಿದವರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಒಬ್ಬರು. ಅದಕ್ಕೆ ಸ್ವಲ್ಪ ಮೊದಲು, 1973ರಲ್ಲಿ, ಅವರೂ ಕಮಲಾ ಕೃಷ್ಣಸ್ವಾಮಿಯವರೂ ನಲ್ಗೊಂಡ ಜಿಲ್ಲೆಯ ಹದಿಹರೆಯದವರಲ್ಲಿ ಹೊಸದೊಂದು ಲಕ್ಷಣವನ್ನು ವರದಿ ಮಾಡಿದ್ದರು. ನಲ್ಗೊಂಡದಲ್ಲಿ ಬೆನ್ನು ಬಿಗಿಯುವ ಫ್ಲೋರೋಸಿಸ್ ಹೊಸದಲ್ಲ. 1940ರ ದಶಕದಿಂದಲೇ ಅಲ್ಲಿನ ವರದಿಗಳು ಬಂದಿದ್ದವು, 1955ರಲ್ಲಿ ಸಿದ್ದಿಕಿ ಅಲ್ಲಿನ ರೋಗಿಗಳನ್ನು ವಿವರವಾಗಿ ವರ್ಣಿಸಿದ್ದರು. ಹೊಸದಾಗಿ ಕಂಡದ್ದು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಮಂಡಿಗಳು. ಬೆನ್ನಿನ ಮೂಳೆ ಗಟ್ಟಿಯಾಗಿದ್ದರೆ ಕಾಲಿನ ಮೂಳೆ ಟೊಳ್ಳಾಗುತ್ತಿತ್ತು. ನಾಗಾರ್ಜುನಸಾಗರದ ಜಲಾಶಯ ತುಂಬಿದ ಮೇಲೆ ಸುತ್ತಲಿನ ಅಂತರ್ಜಲ ಏರಿ ಮಣ್ಣು ನೀರುಗಳ ಗುಣ ಬದಲಾಗಿರಬಹುದು, ಜೋಳವೇ ಮುಖ್ಯ ಆಹಾರವಾದ ಬಡವರಲ್ಲಿ ಮಾಲಿಬ್ಡಿನಮ್ ಹೆಚ್ಚಿ ತಾಮ್ರ ಕಡಿಮೆಯಾಗಿರಬಹುದು ಎಂಬ ಊಹೆಯನ್ನು ಸಂಸ್ಥೆಯ ವಿಜ್ಞಾನಿಗಳು ಮುಂದಿಟ್ಟರು. ಊಹೆಯ ಎಲ್ಲ ಕೊಂಡಿಗಳೂ ಗಟ್ಟಿಯಾಗಿವೆಯೆಂದು ಹೇಳಲಾಗದು. ಆದರೆ ಒಂದೇ ಬಾವಿಯ ನೀರು ಉಳ್ಳವರಿಗಿಂತ ಇಲ್ಲದವರನ್ನು ಹೆಚ್ಚು ಕಾಡುತ್ತದೆ, ಸುಣ್ಣದಂಶ ಕಡಿಮೆಯಿರುವ ಊಟ ಮೂಳೆಯನ್ನು ಫ್ಲೋರೈಡಿಗೆ ಇನ್ನಷ್ಟು ಸುಲಭದ ತುತ್ತಾಗಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಹೊರೆ, ಹಸಿವು, ನೀರು ಇವು ಬೇರೆಬೇರೆ ಕಾರಣಗಳಾಗಿ ಸ್ಪರ್ಧಿಸುವುದಿಲ್ಲ, ಒಂದೇ ಮೈಯಲ್ಲಿ ಕೂಡಿ ಕೆಲಸ ಮಾಡುತ್ತವೆ. ಮೇಲಿನ ಆಕ್ಷೇಪಣೆಗೆ ನನ್ನ ಉತ್ತರ ಇದು.

ಎರಡನೆಯ ಆಕ್ಷೇಪಣೆ ಇನ್ನೂ ತೂಕದ್ದು. ಕೊಳವೆಬಾವಿಯನ್ನು ದೂರುವುದು ಇವತ್ತು ಸುಲಭ; ಅದು ಬರುವ ಮೊದಲು ಊರಿನ ಜನ ಏನು ಕುಡಿಯುತ್ತಿದ್ದರು? ಮೆಟ್ಟಿಲು ಬಾವಿಗಳಲ್ಲಿ ಕಾಲಿಟ್ಟು ಇಳಿದು ನೀರು ತುಂಬುತ್ತಿದ್ದರು, ಅದರ ಜತೆ ನಾರುಹುಣ್ಣು ಬರುತ್ತಿತ್ತು. ಕಾಲಿನಿಂದ ಮೊಳದುದ್ದದ ಹುಳವನ್ನು ಕಡ್ಡಿಗೆ ಸುತ್ತಿ ದಿನಗಟ್ಟಲೆ ಎಳೆಯುತ್ತಿದ್ದ ಆ ನೋವೂ ಉತ್ತರ ಕರ್ನಾಟಕದ ಊರುಗಳಿಗೆ ಗೊತ್ತಿದ್ದದ್ದೇ. ಕಾಲರಾ, ವಾಂತಿಭೇದಿಗಳು ಇದ್ದವು. 1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿಬಂಡೆ ಕೊರೆಯುವ ಯಂತ್ರಗಳು ಬಂದವು, 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪು ರೂಪುಗೊಂಡು ಹಳ್ಳಿಹಳ್ಳಿಯಲ್ಲಿ ನಿಂತಿತು. 1996ರಲ್ಲಿ ದೇಶದ ಕೊನೆಯ ನಾರುಹುಣ್ಣಿನ ರೋಗಿ ದಾಖಲಾಗಿ, 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂಬ ಮನ್ನಣೆ ಸಿಕ್ಕಿದ್ದರಲ್ಲಿ ಮೆಟ್ಟಿಲು ಬಾವಿ ಮುಚ್ಚಿ ಬೋರ್ ತೆಗೆದದ್ದರ ಪಾಲೂ ಇದೆ. ಕೈಪಂಪು ಎಷ್ಟು ಮಕ್ಕಳ ಜೀವ ಉಳಿಸಿತೆಂಬುದನ್ನು ಮರೆತು ಮಾತಾಡುವುದು ಕೃತಘ್ನತೆಯಾದೀತು. ಜತೆಗೆ 1937ರ ನೆಲ್ಲೂರಿನಲ್ಲಿ ಬೋರ್‌ವೆಲ್ ಇರಲಿಲ್ಲ. ತೋಡುಬಾವಿಯ ನೀರೇ ಬೆನ್ನು ಬಿಗಿದಿತ್ತು. ಕೊಳವೆಬಾವಿ ಈ ರೋಗವನ್ನು ಹುಟ್ಟಿಸಲಿಲ್ಲ.

ಆದರೆ ಹರಡಿತು, ಆಳಕ್ಕೆ ಇಳಿಸಿತು. ಫ್ಲೋರೈಡ್ ಇರುವುದು ಬಂಡೆಯಲ್ಲಿ. ರಾಮನಗರದಿಂದ ಉತ್ತರಕ್ಕೆ ಪಾವಗಡ, ಮೊಳಕಾಲ್ಮುರುಗಳ ಕಡೆ ಹಾಯುವ ಕ್ಲೋಸ್‌ಪೇಟೆ ಗ್ರಾನೈಟ್ ಮತ್ತು ಅದರ ಸುತ್ತಲಿನ ಹಳೆಯ ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿವೆ. ಮಳೆನೀರು ಬಿರುಕುಗಳಲ್ಲಿ ಬೇಗ ಹಾದುಹೋದರೆ ಹೆಚ್ಚು ಕರಗಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಬಂಡೆಯ ಸಂದಿಯಲ್ಲಿ ನಿಂತು, ಸೋಡಿಯಂ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದ ನೀರು ಮಾತ್ರ ಫ್ಲೋರೈಡನ್ನು ಚೆನ್ನಾಗಿ ಕರಗಿಸುತ್ತದೆ. ಇಂಥ ನೀರು ಬಾಯಿಗೆ ಸವುಳಾಗಿರಲೇಬೇಕೆಂದಿಲ್ಲ, ಬಣ್ಣ ವಾಸನೆಗಳೂ ಇಲ್ಲ. ಹಿರಿಯರು ನೀರಿನ ರುಚಿ ನೋಡಿ ಬಾವಿ ಆರಿಸುತ್ತಿದ್ದ ಜಾಣ್ಮೆ ಇಲ್ಲಿ ಕೈಕೊಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಕೆರೆಗಳು ಹೂಳು ತುಂಬಿ, ಬೇಸಾಯಕ್ಕೂ ಕುಡಿಯಲಿಕ್ಕೂ ಒಂದೇ ಅಂತರ್ಜಲವನ್ನು ಎತ್ತತೊಡಗಿದಾಗ ಮೇಲ್ಪದರದ ಹೊಸ ನೀರು ಬತ್ತಿತು. ನೂರಾರು ಅಡಿ ಕೆಳಗಿನ ಹಳೆಯ ನೀರು ಮೇಲೆ ಬಂತು. ಮುಂಡರಗಿ ತಾಲ್ಲೂಕಿನದಂತೂ ಮನಸ್ಸು ಕಲಕುವ ಸ್ಥಿತಿ. ಅದರ ಗಡಿಯಲ್ಲೇ ತುಂಗಭದ್ರೆ ಹರಿಯುತ್ತಾಳೆ, ಹೊಳೆಯಿಂದ ದೂರದ ಊರುಗಳ ಬಾವಿಗಳು ಮೊದಲಿನಿಂದಲೂ ಫ್ಲೋರೈಡಿಗೆ ಕುಖ್ಯಾತ.

ಎಷ್ಟು ಫ್ಲೋರೈಡ್ ಇದ್ದರೆ ಕೆಡುಕು ಎಂಬ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೂ ಈ ರೋಗಿಗಳ ಬದುಕು ಲೆಕ್ಕಕ್ಕೆ ಬಂದದ್ದು ಕಡಿಮೆ. ನೆಲ್ಲೂರಿನ ವರದಿ ಬಂದು ಎಂಟು ವರ್ಷಕ್ಕೆ, 1945ರಲ್ಲಿ, ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ಹಲ್ಲಿನ ಹುಳುಕು ತಡೆಯಲು ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡನ್ನು ತಾನಾಗಿಯೇ ನೀರಿಗೆ ಬೆರೆಸತೊಡಗಿತು. ಅದರಲ್ಲಿ ತಪ್ಪಿರಲಿಲ್ಲ, ಅಲ್ಲಿನ ಚಳಿಯಲ್ಲಿ ಜನ ಕುಡಿಯುವ ನೀರು ಕಡಿಮೆ. ಬಿಸಿ ಪ್ರದೇಶದಲ್ಲಿ ಹೆಚ್ಚು ಕುಡಿಯುತ್ತಾರೆಂದು 1962ರ ಅಮೆರಿಕದ ಮಾನದಂಡವೇ ಊರಿನ ಉಷ್ಣಾಂಶ ನೋಡಿ 0.7ರಿಂದ 1.2ರವರೆಗೆ ಮಟ್ಟ ನಿಗದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ 1.5, ಭಾರತದ ಮಾನಕದಲ್ಲಿ 1 ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈಗ ಲೆಕ್ಕ ಹಾಕಿ ನೋಡಿ. 1.5ರ ನೀರನ್ನು ನೆರಳಿನಲ್ಲಿ ಕೂತು ದಿನಕ್ಕೆ ಎರಡು ಲೀಟರ್ ಕುಡಿಯುವವರ ಹೊಟ್ಟೆಗೆ 3 ಮಿಲಿಗ್ರಾಂ ಹೋಗುತ್ತದೆ. ಏಪ್ರಿಲಿನ ಬಿಸಿಲಲ್ಲಿ ಕಲ್ಲು ಒಡೆಯುವವರು ಆರು ಲೀಟರ್ ಕುಡಿದರೆ 9 ಮಿಲಿಗ್ರಾಂ, ಅಡುಗೆಯ ನೀರು ಬೇರೆ. ದಿನಕ್ಕೆ 10ರಿಂದ 20 ಮಿಲಿಗ್ರಾಂ ಒಂದೆರಡು ದಶಕ ಒಳಸೇರಿದರೆ ಅಂಗವೈಕಲ್ಯ ತರುವ ಫ್ಲೋರೋಸಿಸ್ ಬರುತ್ತದೆಂದು ವೈದ್ಯಕೀಯ ಗ್ರಂಥಗಳು ಹೇಳುತ್ತ ಬಂದಿವೆ. ಕಾಗದದ ಮೇಲೆ ಸುರಕ್ಷಿತವಾದ ನೀರು ದುಡಿಯುವವರ ಮೈಗೆ ಬರುವಾಗ ಅಪಾಯದ ಅಂಚಿನಲ್ಲಿರುತ್ತದೆ.

ಚಿಕಿತ್ಸೆಯ ಚರಿತ್ರೆ ಚಿಕ್ಕದು, ಹೆಚ್ಚು ಬೇಸರದ್ದು. ಮೂಳೆ ಸೇರಿದ ಫ್ಲೋರೈಡನ್ನು ತೆಗೆಯುವ ಮಾತ್ರೆ ಇಲ್ಲ. ನೋವಿನ ಮಾತ್ರೆ ನೋವನ್ನಷ್ಟೇ ಹಿಡಿಯುತ್ತದೆ. ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡ ಕೆಡಿಸುತ್ತದೆ, ಕೆಟ್ಟ ಮೂತ್ರಪಿಂಡ ಇನ್ನೂ ಹೆಚ್ಚು ಫ್ಲೋರೈಡನ್ನು ಮೈಯಲ್ಲೇ ಉಳಿಸುತ್ತದೆ. ಸಂತೆಪೇಟೆಯ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಬಿಳಿ ಗುಳಿಗೆಯಿಂದ ಹೀಗೆ ರೋಗವೇ ಬಲಗೊಳ್ಳುತ್ತದೆ. ಹಾಲು, ಸೊಪ್ಪು, ನೆಲ್ಲಿಕಾಯಿಯಂಥ ಆಹಾರದಿಂದ ಸುಣ್ಣದಂಶ, ಸಿ ಜೀವಸತ್ವ ಹೆಚ್ಚಿಸುವುದು ಒಳ್ಳೆಯದು. ಬೆನ್ನುಹುರಿ ಒತ್ತಿಹೋಗಿ ಕಾಲು ಸೋತವರಿಗೆ ಬೆನ್ನೆಲುಬಿನ ಹಿಂಬದಿಯ ಮೂಳೆ ತೆಗೆದು ಜಾಗ ಬಿಡಿಸುವ ಶಸ್ತ್ರಚಿಕಿತ್ಸೆಯಿದೆ. ಹೈದರಾಬಾದಿನ ನರಶಸ್ತ್ರವೈದ್ಯ ಡಿ. ರಾಜಾ ರೆಡ್ಡಿ ಈ ರೋಗಿಗಳ ಬಗ್ಗೆ ದಶಕಗಳ ಕಾಲ ಬರೆದಿದ್ದಾರೆ. ಕಲ್ಲಿನಂತೆ ಗಟ್ಟಿಯಾದ ಮೂಳೆಯನ್ನು, ಜಾಗವೇ ಉಳಿಯದ ಹುರಿಗೆ ತಗಲದಂತೆ ಕೊರೆಯುವುದು ಕಠಿಣ ಕೆಲಸ. ಯಶಸ್ವಿಯಾದರೂ ರೋಗಿ ಊರಿಗೆ ಹೋಗಿ ಕುಡಿಯುವುದು ಮತ್ತದೇ ನೀರನ್ನು.

ಆದ್ದರಿಂದ ಔಷಧ ತಯಾರಿಸುವ ಕೆಲಸ ಎಂಜಿನಿಯರರ ಕೈಗೆ ಹೋಯಿತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ವಿಧಾನಕ್ಕೆ ನಲ್ಗೊಂಡದ ಹೆಸರೇ ಇದೆ. ನೀರಿಗೆ ಸುಣ್ಣ, ಪಟಕ ಬೆರೆಸಿ ಕದಡಿ, ತಳಕ್ಕಿಳಿದ ಗಷ್ಟನ್ನು ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳುವುದು. ಅಗ್ಗ, ಸರಳ. ಆದರೆ ಅಳತೆ ದಿನವೂ ಸರಿಯಿರಬೇಕು, ಪಟಕ ಹೆಚ್ಚಾದರೆ ಅಲ್ಯೂಮಿನಿಯಂ ಉಳಿಯುತ್ತದೆ, ಗಷ್ಟು ಎಲ್ಲಿ ಚೆಲ್ಲುವುದೆಂಬ ಚಿಂತೆ ಬೇರೆ. ನೀರು ಹೊತ್ತು ತಂದ ಹೆಂಗಸಿನ ತಲೆಗೇ ಈ ಹೊರೆಯೂ ಬಿತ್ತು. ಬಳಿಕ ಆಕ್ಟಿವೇಟೆಡ್ ಅಲ್ಯೂಮಿನಾ ತುಂಬಿದ ಸೋಸುಕಗಳು, ಈಗ ಕರ್ನಾಟಕದ ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳು. ಘಟಕ ನಡೆಯುತ್ತಿರುವಷ್ಟು ದಿನ ಅದು ನಿಜವಾದ ಔಷಧವೇ. ನೀರು ಸೋಸುವ ಪೊರೆ ಕೆಟ್ಟು ಘಟಕಕ್ಕೆ ಬೀಗ ಬಿದ್ದ ತಿಂಗಳುಗಳಲ್ಲಿ, ಕ್ಯಾನ್ ನೀರು ಕುಡಿಯಲಿಕ್ಕೆ ಮಾತ್ರ ಎಂದು ಅಡುಗೆಗೆ ನಲ್ಲಿಯ ಬೋರ್ ನೀರನ್ನೇ ಹಾಕುವ ಮನೆಗಳಲ್ಲಿ, ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಘಟಕ ಹೊರಚೆಲ್ಲುವ, ಇನ್ನಷ್ಟು ಗಾಢವಾದ ನೀರು ಅದೇ ನೆಲಕ್ಕೆ ಇಂಗುತ್ತದೆ.

ರೋಗಿಗಳಿಗೆ ತಮ್ಮ ಔಷಧ ಯಾವುದೆಂದು ಗೊತ್ತಿತ್ತು. 1996ರ ಲೋಕಸಭಾ ಚುನಾವಣೆಯಲ್ಲಿ ನಲ್ಗೊಂಡ ಕ್ಷೇತ್ರದಿಂದ 480 ಮಂದಿ ಸ್ಪರ್ಧಿಸಿದರು. ಜಲಸಾಧನ ಸಮಿತಿಯ ಕರೆಗೆ ಓಗೊಟ್ಟು, ಕೃಷ್ಣೆಯ ನೀರು ಕೊಡಿ ಎಂದು ಕೇಳಲು ಹಳ್ಳಿಯ ಜನ ನಾಮಪತ್ರ ಹಾಕಿದ್ದರು. ಮತಪತ್ರ ಪುಸ್ತಕವಾಯಿತೆಂದು ಪತ್ರಿಕೆಗಳು ಬರೆದವು. ಬೆನ್ನುನೋವಿನ ಚಿಕಿತ್ಸೆಗೆಂದು ಜನ ಚುನಾವಣೆಗೆ ನಿಂತ ಇನ್ನೊಂದು ನಿದರ್ಶನ ಹುಡುಕುವುದು ಕಷ್ಟ. 1986ರ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್ನಿನಲ್ಲಿ ಫ್ಲೋರೈಡ್ ನಿವಾರಣೆ ಒಂದು ಗುರಿಯಾಗಿತ್ತು. ಆರೋಗ್ಯ ಇಲಾಖೆಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2008-09ರಲ್ಲಿ. ನೀರಿನ ಇಲಾಖೆ ಬಾವಿಯನ್ನು, ಆರೋಗ್ಯ ಇಲಾಖೆ ಬೆನ್ನನ್ನು ನೋಡಿಕೊಂಡು, ನೆಲ್ಲೂರಿನಲ್ಲಿ ಒಂದೇ ತಂಡ ಮಾಡಿದ್ದ ಕೆಲಸ ಎರಡು ಕಚೇರಿಗಳಾಗಿ ಸೀಳಿಹೋಗಿತ್ತು. 2016ರಿಂದ ಮಿಷನ್ ಭಗೀರಥ ಎಂಬ ಕುಡಿಯುವ ನೀರಿನ ಯೋಜನೆಯಡಿ ನಲ್ಗೊಂಡದ ಹಳ್ಳಿಗಳಿಗೆ ಕೃಷ್ಣೆಯ ನೀರು ಬಂತು. ತುಂಗಭದ್ರೆಯ ಹಿನ್ನೀರಿನಿಂದ ಪಾವಗಡದ ಊರುಗಳಿಗೆ ಕೊಳವೆ ಎಳೆದದ್ದೂ ಇದೇ ಚಿಕಿತ್ಸೆಯ ಭಾಗವೆಂದೇ ನಾನು ಎಣಿಸುತ್ತೇನೆ.

ಕೊನೆಯದಾಗಿ ಕೇಳಬಹುದಾದ ಪ್ರಶ್ನೆ: ಬೆಸೆದುಹೋದ ಬೆನ್ನನ್ನು ಹೊಳೆಯ ನೀರು ಬಿಡಿಸುತ್ತದೆಯೇ? ಇಲ್ಲ. ಸುಣ್ಣಗಟ್ಟಿದ ನಾರು ಮೊದಲಿನಂತಾಗುವುದಿಲ್ಲ, ಬಾಗಿದ ಮಂಡಿ ತಾನಾಗಿ ನೆಟ್ಟಗಾಗುವುದಿಲ್ಲ. ಹಾಗೆಂದು ನೀರು ಬದಲಿಸುವುದು ಮುಂದಿನ ತಲೆಮಾರಿಗೆ ಮಾತ್ರ ಎನ್ನುವುದೂ ತಪ್ಪು. ಮೂಳೆ ತನ್ನನ್ನು ತಾನು ಸದಾ ಕಳಚಿ ಕಟ್ಟಿಕೊಳ್ಳುತ್ತಿರುತ್ತದೆ. ಹೊಸ ಫ್ಲೋರೈಡ್ ಬರುವುದು ನಿಂತರೆ ಹಳೆಯದು ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಕರಗಿ ಮೂತ್ರದಲ್ಲಿ ಹೋಗುತ್ತದೆ. ಎಕ್ಸ್‌ರೇಯಲ್ಲಿ ಇನ್ನೂ ಏನೂ ಕಾಣದ, ಜುಮುಜುಮು ಮತ್ತು ಸೊಂಟನೋವಿನ ಹಂತದಲ್ಲಿರುವವರಿಗೆ ನೀರು, ಆಹಾರ ಬದಲಿಸಿದರೆ ನೋವು ಇಳಿಯುವ ಭರವಸೆ ಇದೆ. ಈ ಹಂತದವರು ಬರುವುದು ದೊಡ್ಡಾಸ್ಪತ್ರೆಗಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ, ಕೂಲಿಯ ದಿನವೊಂದನ್ನು ಕಳೆದುಕೊಂಡು. ಅಲ್ಲಿ ಅವರಿಗೆ ಬಗ್ಗಿ ನಾಣ್ಯ ಎತ್ತಲು ಹೇಳಬೇಕು, ಯಾವ ನೀರು ಕುಡಿಯುತ್ತೀರಿ, ಯಾವುದರಲ್ಲಿ ಅಡುಗೆ ಮಾಡುತ್ತೀರಿ ಎಂದು ಕೇಳಿ ಚೀಟಿಯ ಮೇಲೆ ಬರೆಯಬೇಕು, ಆ ಚೀಟಿಯ ಒಂದು ಪ್ರತಿ ಗ್ರಾಮ ಪಂಚಾಯಿತಿಯ ನೀರು ನೋಡಿಕೊಳ್ಳುವವರ ಮೇಜಿಗೆ ಹೋಗಬೇಕು.